ಫೋನನ್ನು 40 ಮೀಟರ್ ಆಳಕ್ಕೆ ಒಯ್ಯುವ ಡಬ್ಬಿ: ಸೀಲೈಫ್ ಸ್ಪೋರ್ಟ್‌ಡೈವರ್ ಹೌಸಿಂಗ್ ವಿಮರ್ಶೆ

ನೇತ್ರಾಣಿಯಲ್ಲೋ ಅಂಡಮಾನಿನ ಹ್ಯಾವ್‌ಲಾಕ್‌ನಲ್ಲೋ ಸ್ಕೂಬಾ ಕೋರ್ಸ್ ಮುಗಿಸಿದವರು ಮೊದಲು ಕೇಳುವುದು ಕ್ಯಾಮೆರಾ ಬಗ್ಗೆ. ಜೇಬಿನಲ್ಲಿ ಒಳ್ಳೆಯ ಫೋನ್ ಇದೆ, ಅದನ್ನೇ ನೀರಿಗೆ ಇಳಿಸಬಹುದಾ? ಇಳಿಸಬಹುದು. ಅದಕ್ಕೆಂದೇ ಮಾಡಿದ, ನೀರು ನುಗ್ಗದ ಡಬ್ಬಿಗಳು, ಅಂದರೆ ಹೌಸಿಂಗ್‌ಗಳು ಸಿಗುತ್ತವೆ. ಅವುಗಳಲ್ಲಿ ಡೈವರ್‌ಗಳು ಹೆಚ್ಚು ಬಳಸುವವು ಎರಡು ಬಗೆ: ಬಟನ್ ಒತ್ತಿ ಫೋನ್ ನಡೆಸುವಂಥದ್ದು, ಪರದೆಯನ್ನೇ ಬೆರಳಲ್ಲಿ ಮುಟ್ಟುವಂಥದ್ದು. ಮೊದಲ ಬಗೆಗೆ ಒಳ್ಳೆಯ ಉದಾಹರಣೆ ಅಮೆರಿಕದ ಸೀಲೈಫ್ ಕಂಪನಿಯ ಸ್ಪೋರ್ಟ್‌ಡೈವರ್. ಈ ಬರಹ ಮುಖ್ಯವಾಗಿ ಅದರ ಬಗ್ಗೆ. ಎರಡನೆಯ ಬಗೆಯ ಡೈವ್‌ವೋಕ್ ಸೀಟಚ್ 4 ಮ್ಯಾಕ್ಸ್ ಯಾರಿಗೆ ಸರಿ ಅನ್ನುವುದನ್ನೂ ಕೊನೆಯಲ್ಲಿ ನೋಡೋಣ.

ಮೊದಲು ಒಂದು ತಪ್ಪು ತಿಳಿವಳಿಕೆ ಸರಿಮಾಡಿಕೊಳ್ಳಬೇಕು. 'ನನ್ನ ಫೋನ್ ಐಪಿ68, ವಾಟರ್‌ಪ್ರೂಫ್' ಅಂತ ನಂಬಿ ಬರಿ ಫೋನನ್ನೇ ಡೈವ್‌ಗೆ ಒಯ್ಯುವವರಿದ್ದಾರೆ. ಐಪಿ68 ಅನ್ನುವುದು ಧೂಳು, ನೀರು ತಡೆಯುವ ಒಂದು ದರ್ಜೆ ಅಷ್ಟೇ, ಅದಕ್ಕೂ ಮಿತಿಯಿದೆ. ಈಚಿನ ಹೆಚ್ಚಿನ ಐಫೋನ್‌ಗಳಿಗೆ ಆಪಲ್ ಹೇಳುವ ಮಿತಿ 6 ಮೀಟರ್, 30 ನಿಮಿಷ. ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ಎಸ್ ಸಾಲಿನ ಫೋನ್‌ಗಳಿಗೆ 1.5 ಮೀಟರ್, 30 ನಿಮಿಷ, ಅದೂ ಸಿಹಿನೀರಿನಲ್ಲಿ. ಅಲುಗಾಡದ ನೀರಿನಲ್ಲಿ ಹೊಸ ಫೋನ್ ಇಟ್ಟು ಪಡೆದ ಅಂಕಿ ಇದು. ಸಮುದ್ರದಲ್ಲಿ ಪ್ರತಿ 10 ಮೀಟರ್ ಇಳಿದಾಗ ಒತ್ತಡ ಸುಮಾರು 1 ಬಾರ್, ಅಂದರೆ ನೆಲದ ಮೇಲಿನ ಗಾಳಿಯ ಒತ್ತಡದಷ್ಟು, ಏರುತ್ತದೆ. 30 ಮೀಟರ್‌ನಲ್ಲಿ ಫೋನಿನ ಮುಖದ ಪ್ರತಿ ಚದರ ಸೆಂಟಿಮೀಟರ್ ಮೇಲೂ ಹೆಚ್ಚುವರಿಯಾಗಿ 3 ಕೆಜಿಗಿಂತ ಕೊಂಚ ಜಾಸ್ತಿ ಭಾರ ಬೀಳುತ್ತದೆ. ಪರದೆಯ ವಿಸ್ತೀರ್ಣ 110 ಚದರ ಸೆಂಟಿಮೀಟರ್ ಅಂತಿಟ್ಟುಕೊಂಡರೆ ಒಟ್ಟು ಸುಮಾರು 340 ಕೆಜಿ. ಅಂಟು ಹಾಕಿ ಕೂರಿಸಿದ ಗಾಜು ಇದನ್ನು ತಡೆಯುವುದಿಲ್ಲ. ಬೀಚಿನಲ್ಲಿ ಮಾರುವ ಪ್ಲಾಸ್ಟಿಕ್ ಪೌಚ್ ಕೂಡ ಸ್ಕೂಬಾಕ್ಕೆ ಆಗದು. 10 ಮೀಟರ್ ಇಳಿಯುವಷ್ಟರಲ್ಲಿ ಪೌಚಿನೊಳಗಿನ ಗಾಳಿ ಅರ್ಧಕ್ಕೆ ಕುಗ್ಗುತ್ತದೆ, ಪ್ಲಾಸ್ಟಿಕ್ ಫೋನಿಗೆ ಬಿಗಿಯಾಗಿ ಅಂಟಿಕೊಂಡು ಬಟನ್‌ಗಳನ್ನು ತಾನೇ ಒತ್ತುತ್ತದೆ, ಹೊಲಿಗೆ ಎಲ್ಲಿ ಸಡಿಲವೋ ಅಲ್ಲಿಂದ ನೀರು ನುಗ್ಗುತ್ತದೆ.

ಒಳಗೆ ನೀರು ಬರದಿದ್ದರೂ ಇನ್ನೊಂದು ತೊಡಕಿದೆ. ಫೋನಿನ ಟಚ್‌ಸ್ಕ್ರೀನ್ ಬೆರಳನ್ನು ಗುರುತಿಸುವುದು ವಿದ್ಯುತ್ ಕ್ಷೇತ್ರದಲ್ಲಿ ಆಗುವ ಬದಲಾವಣೆಯಿಂದ. ಉಪ್ಪುನೀರು ಒಳ್ಳೆಯ ವಿದ್ಯುತ್ ವಾಹಕ. ಪರದೆಯ ತುಂಬ ನೀರಿದ್ದರೆ ಎಲ್ಲ ಕಡೆಯೂ ಬೆರಳಿಟ್ಟ ಹಾಗೆ ಫೋನಿಗೆ ತೋರುತ್ತದೆ, ಅದು ಕಂಡಕಂಡ ಆಪ್ ತೆರೆಯತೊಡಗುತ್ತದೆ. ಹಾಗಾಗಿ ಹೌಸಿಂಗ್ ಮಾಡುವವರಿಗೆ ಇರುವ ದಾರಿ ಎರಡೇ. ಪರದೆಯನ್ನು ಗಟ್ಟಿ ಕಿಟಕಿಯ ಹಿಂದಿಟ್ಟು ಹೊರಗಿನ ಬಟನ್‌ಗಳಿಂದ ಫೋನನ್ನು ನಡೆಸುವುದು, ಇಲ್ಲವೇ ಬೆರಳು ಮತ್ತು ಪರದೆಯ ನಡುವೆ ಮೆತ್ತನೆಯ ಪಾರದರ್ಶಕ ಪೊರೆ ಇಡುವುದು.

ಸ್ಪೋರ್ಟ್‌ಡೈವರ್ ಮೊದಲ ದಾರಿ ಹಿಡಿದಿದೆ. ಪಾಲಿಕಾರ್ಬೊನೇಟ್ ಮೈ, ಹಿಂದೆ ಪರದೆ ಕಾಣುವ ಕಿಟಕಿ, ಮುಂದೆ ಫೋನಿನ ಲೆನ್ಸ್ ಹೊರಗೆ ನೋಡಲು ಗಾಜಿನ ಕಿಟಕಿ (ಪೋರ್ಟ್), ಒಂದು ಬದಿಗೆ ದೊಡ್ಡ ಶಟರ್ ಲಿವರ್, ಇನ್ನೊಂದು ಕಡೆ ಹಾರ್ಮೋನಿಯಂ ಮನೆಗಳ ಹಾಗೆ ಸಾಲಾಗಿ ಅಗಲದ ಬಟನ್‌ಗಳು. ಬಟನ್ ಒತ್ತಿದಾಗ ಒಳಗಿನ ಚಿಕ್ಕ ಸರ್ಕ್ಯೂಟ್ ಬ್ಲೂಟೂತ್ ಮೂಲಕ ಫೋನಿಗೆ ಹೇಳುತ್ತದೆ, ಫೋನಿನಲ್ಲಿರುವ ಸೀಲೈಫ್ ಆಪ್ ಫೋಟೋ ತೆಗೆಯುತ್ತದೆ. 2.4 ಗಿಗಾಹರ್ಟ್ಸ್ ರೇಡಿಯೋ ಅಲೆ ಉಪ್ಪುನೀರಿನಲ್ಲಿ ಕೆಲವೇ ಸೆಂಟಿಮೀಟರ್‌ಗೆ ಸಾಯುತ್ತದೆ ಅನ್ನುವುದು ನಿಜ, ಆದರೆ ಇಲ್ಲಿ ಅಲೆ ಸಾಗುವುದು ಡಬ್ಬಿಯೊಳಗಿನ ಗಾಳಿಯಲ್ಲಿ, ಆದ್ದರಿಂದ ತೊಂದರೆಯಿಲ್ಲ. ಸರ್ಕ್ಯೂಟ್ ನಡೆಯುವುದು ಎರಡು ಎಎಎ ಸೆಲ್‌ಗಳಿಂದ. ಫೋನನ್ನು ಹಿಡಿದಿಡಲು ಒಳಗೆ ಸ್ಪ್ರಿಂಗ್ ಹಿಡಿಕೆ ಇದೆ, ಹಾಗಾಗಿ ಫೋನ್ ಬದಲಾದಾಗಲೆಲ್ಲ ಹೊಸ ಹೌಸಿಂಗ್ ಕೊಳ್ಳಬೇಕಿಲ್ಲ. ಆದರೆ ಬ್ಯಾಕ್ ಕವರ್ ತೆಗೆಯಬೇಕು. ಫೋನಿನ ಉದ್ದ, ಅಗಲ, ದಪ್ಪ ಅಳೆದು, ಆಪ್ ನಿಮ್ಮ ಮಾದರಿಯಲ್ಲಿ ನಡೆಯುತ್ತದಾ ಅಂತ ಕಂಪನಿಯ ಪಟ್ಟಿಯಲ್ಲಿ ನೋಡಿಯೇ ದುಡ್ಡು ಕೊಡಿ. ಮೊದಲ ಸ್ಪೋರ್ಟ್‌ಡೈವರ್ ಐಫೋನ್‌ಗೆಂದು ಬಂದದ್ದು, ಆಂಡ್ರಾಯ್ಡ್ ಇರುವವರು ಆಮೇಲೆ ಬಂದ ಸ್ಪೋರ್ಟ್‌ಡೈವರ್ ಅಲ್ಟ್ರಾ ನೋಡಬೇಕು.

ಆಳದ ಮಿತಿ 40 ಮೀಟರ್. ಮನರಂಜನೆಯ ಸ್ಕೂಬಾದ ಮಿತಿಯೂ ಅಷ್ಟೇ.

ಇಷ್ಟನ್ನು ಬೇರೆ ಕಂಪನಿಗಳೂ ಕೊಡುತ್ತವೆ. ಸ್ಪೋರ್ಟ್‌ಡೈವರ್‌ಗೆ ದುಡ್ಡು ಕೊಡಬೇಕು ಅನ್ನಿಸುವುದು ಅದರ ವ್ಯಾಕ್ಯೂಮ್ ಪರೀಕ್ಷೆಗಾಗಿ. ಫೋನ್ ಹಾಕಿ ಬಾಗಿಲು ಮುಚ್ಚಿದ ಮೇಲೆ ಜೊತೆಗೆ ಬರುವ ಕೈಪಂಪನ್ನು ಹೌಸಿಂಗಿನ ತೂತಿಗೆ ಒತ್ತಿ ಒಳಗಿನ ಗಾಳಿ ಎಳೆಯಬೇಕು. ಒಳಗಿನ ಒತ್ತಡದ ಸೆನ್ಸರ್ ಅಳೆದ ಅಂಕಿಯನ್ನು ಆಪ್ ನೋಡುತ್ತಿರುತ್ತದೆ. ಒತ್ತಡ ಮತ್ತೆ ಏರದೆ ನಿಂತರೆ ಪಾಸ್, ಏರಿದರೆ ಎಲ್ಲೋ ಸಂದಿಯಿದೆ ಅಂತ ಅರ್ಥ. ಪಾಸಾದ ಮೇಲೆ ಆ ತೂತಿನ ಮುಚ್ಚಳ ಹಾಕಲು ಮರೆಯಬಾರದು. ನೀರಿಗೆ ಇಳಿಯುವ ಮೊದಲೇ, ಬೋಟಿನ ಮೇಲೆ ಒಣಗಿ ಕೂತಿರುವಾಗಲೇ ಸೋರಿಕೆ ಗೊತ್ತಾಗುವುದು ಎಷ್ಟು ದೊಡ್ಡ ಅನುಕೂಲ ಅನ್ನುವುದನ್ನು ಎಂಬತ್ತು ಸಾವಿರದ ಫೋನ್ ಒಳಗಿಟ್ಟವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇನ್ನೊಂದು ಲಾಭವೂ ಇದೆ. ಒಳಗಿನ ಒತ್ತಡ ಬರೀ 0.2 ಬಾರ್ ಇಳಿದರೂ 150 ಚದರ ಸೆಂಟಿಮೀಟರಿನ ಬಾಗಿಲ ಮೇಲೆ ಹೊರಗಿನ ಗಾಳಿ ಸುಮಾರು 30 ಕೆಜಿ ಬಲದಲ್ಲಿ ಒತ್ತುತ್ತದೆ. ಅಂದರೆ ಬಾಗಿಲ ಸಂದಿ ಮುಚ್ಚುವ ರಬ್ಬರ್ ಬಳೆ, ಓ-ರಿಂಗ್, ನೀರು ಮುಟ್ಟುವ ಮೊದಲೇ ತನ್ನ ಜಾಗದಲ್ಲಿ ಬಿಗಿಯಾಗಿ ಕೂತಿರುತ್ತದೆ.

ಇದು ಯಾಕೆ ಮುಖ್ಯ? ಹೆಚ್ಚಿನ ಹೌಸಿಂಗ್‌ಗಳು ಸೋರುವುದು 30 ಮೀಟರಿನಲ್ಲಲ್ಲ, ಮೊದಲ ಎರಡು ಮೂರು ಮೀಟರಿನಲ್ಲಿ, ಇಲ್ಲವೇ ಬೋಟಿನ ತೊಳೆಯುವ ತೊಟ್ಟಿಯಲ್ಲೇ. ಆಳಕ್ಕೆ ಹೋದಂತೆ ನೀರಿನ ಒತ್ತಡವೇ ರಿಂಗನ್ನು ಅದು ಕೂರುವ ತೋಡಿಗೆ ಒತ್ತಿ ಹಿಡಿಯುತ್ತದೆ. ಮೇಲ್ಮೈ ಹತ್ತಿರ ಆ ಸಹಾಯ ಇರುವುದಿಲ್ಲ. ನೀರಿಗೆ ಜಿಗಿದಾಗಿನ ಹೊಡೆತ, ತೊಟ್ಟಿಯಲ್ಲಿ ಬೇರೆಯವರ ಕ್ಯಾಮೆರಾ ತಾಗಿದ ಏಟು ಬಾಗಿಲನ್ನು ಕೂದಲೆಳೆಯಷ್ಟು ಸರಿಸಿದರೂ ಸಾಕು.

ವ್ಯಾಕ್ಯೂಮ್ ಅಂಕಿ ಓದುವಾಗ ಬಿಸಿಲಿನ ಲೆಕ್ಕ ಇಟ್ಟುಕೊಳ್ಳಬೇಕು. ಮುಚ್ಚಿದ ಗಾಳಿಯ ಒತ್ತಡ ಉಷ್ಣತೆಯ ಜೊತೆ ಏರಿಳಿಯುತ್ತದೆ. 24 ಡಿಗ್ರಿಯ ಎಸಿ ಕೋಣೆಯಲ್ಲಿ ಮುಚ್ಚಿದ ಹೌಸಿಂಗ್ ಬೋಟಿನ ಬಿಸಿಲಿನಲ್ಲಿ 40 ಡಿಗ್ರಿಗೆ ಕಾದರೆ ಒಳಗಿನ ಒತ್ತಡ ನೂರಕ್ಕೆ 5ರಷ್ಟು, ಅಂದರೆ ಸುಮಾರು 40-50 ಮಿಲಿಬಾರ್ ಏರುತ್ತದೆ. ಸೋರಿಕೆ ಇಲ್ಲದೆಯೂ ಸೋರಿದ ಹಾಗೆ ಕಾಣುವುದು ಹೀಗೆ. ಫೋನ್ ತಾನೇ ಬಿಸಿಯಾದರೂ ಇದೇ ಕಥೆ. ಆದ್ದರಿಂದ ಪರೀಕ್ಷೆ ಮಾಡುವುದು ನೆರಳಿನಲ್ಲಿ, ಫೋನ್ ತಣ್ಣಗಿರುವಾಗ. ಆಮೇಲೆ ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ಅಂಕಿಯನ್ನು ಇನ್ನೊಮ್ಮೆ ನೋಡಿ. ನಿಧಾನವಾಗಿ ಸೋರುವ ಸಂದಿ ಮೊದಲ ಎರಡು ನಿಮಿಷದಲ್ಲಿ ಸಿಕ್ಕಿಬೀಳುವುದಿಲ್ಲ.

ಇನ್ನು ಮುಚ್ಚುವ ಕೆಲಸ. ಎಷ್ಟೇ ಬೆಲೆಯ ಹೌಸಿಂಗ್ ಆದರೂ ಫೋನ್ ಉಳಿಯುವುದು ಇದರಿಂದ. ಹಿಂದಿನ ರಾತ್ರಿ, ಎಸಿ ಇರುವ ಕೋಣೆಯಲ್ಲಿ, ಫ್ಯಾನ್ ಆರಿಸಿ, ಮೇಜಿನ ಮೇಲೆ ಒಗೆದ ಹತ್ತಿ ಬಟ್ಟೆಯ ಬದಲು ನಯವಾದ ಮೈಕ್ರೋಫೈಬರ್ ಹಾಸಿ ಕೂರಿ. ಹತ್ತಿ ಬಟ್ಟೆ ಎಳೆ ಬಿಡುತ್ತದೆ, ಒಂದೇ ಒಂದು ಎಳೆ ಓ-ರಿಂಗ್ ಮೇಲೆ ಅಡ್ಡ ಬಿದ್ದರೆ ನೀರು ಅದರ ಗುಂಟ ಒಳಗೆ ಬರುತ್ತದೆ. ರಿಂಗನ್ನು ತೋಡಿನಿಂದ ಎಬ್ಬಿಸಲು ಪಿನ್ನು, ಚಾಕು ಬೇಡ. ಹಳೆಯ ಎಟಿಎಂ ಕಾರ್ಡಿನ ಮೂಲೆ ಸಾಕು, ಅಥವಾ ಎರಡು ಬೆರಳಿನಿಂದ ಒಂದು ಬದಿ ಒತ್ತಿ ತಳ್ಳಿದರೆ ಉಬ್ಬಿ ಮೇಲೆ ಬರುತ್ತದೆ. ತೋಡನ್ನು ಒದ್ದೆ ಇಯರ್‌ಬಡ್‌ನಿಂದ ಒರೆಸಿ, ಮೂಲೆಗಳನ್ನು ಟಾರ್ಚ್ ಓರೆಗೆ ಹಿಡಿದು ನೋಡಿ, ಉಪ್ಪಿನ ಹರಳು ಕೂರುವುದು ಅಲ್ಲೇ. ರಿಂಗನ್ನು ಬೆರಳುಗಳ ನಡುವೆ ನಿಧಾನ ಎಳೆದು ಇಡೀ ಸುತ್ತು ಸವರಿ. ಮರಳಿನ ಕಣ, ಕುಯ್ದ ಗುರುತು, ಚಪ್ಪಟೆಯಾದ ಜಾಗ ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ. ಅಂಥದ್ದು ಸಿಕ್ಕರೆ ರಿಂಗ್ ಬಿಸಾಡಿ, ಹೊಸದು ಹಾಕಿ.

ಗ್ರೀಸ್ ವಿಷಯದಲ್ಲಿ ಜನ ಎಡವುವುದು ಹೆಚ್ಚು. ಗ್ರೀಸ್ ನೀರು ತಡೆಯುವುದಿಲ್ಲ, ರಿಂಗ್ ತಿರುಚದೆ ಜಾರಿ ಕೂರಲಿ ಅಂತ ಹಚ್ಚುವುದು. ಬೇಳೆಕಾಳಿನಷ್ಟು ತೆಗೆದುಕೊಂಡು ರಿಂಗ್ ಬರೀ ಹೊಳೆಯುವ ಹಾಗೆ ಸವರಿದರೆ ಮುಗಿಯಿತು. ಬಿಳಿಯಾಗಿ ಗಡ್ಡೆ ಕಂಡರೆ ಅದು ಹೆಚ್ಚಾಯಿತು, ಮರಳು ಕೂದಲು ಅಲ್ಲಿಗೇ ಬಂದು ಅಂಟುತ್ತದೆ. ಹೌಸಿಂಗ್ ಜೊತೆ ಬಂದ ಗ್ರೀಸನ್ನೇ ಬಳಸಿ. ಸಿಲಿಕೋನ್ ರಬ್ಬರಿನ ರಿಂಗಿಗೆ ಸಿಲಿಕೋನ್ ಗ್ರೀಸ್ ಹಚ್ಚಿದರೆ ರಿಂಗ್ ಊದಿಕೊಂಡು ಮೆತ್ತಗಾಗುತ್ತದೆ. ವ್ಯಾಸಲೀನ್ ಪೆಟ್ರೋಲಿಯಂನದು, ರಬ್ಬರ್ ಹಾಳಾಗಬಹುದು, ಅದರ ತಂಟೆಯೇ ಬೇಡ.

ಎಸಿ ಕೋಣೆ ಅಂದದ್ದು ಸುಖಕ್ಕಲ್ಲ. ಕರಾವಳಿಯ 32 ಡಿಗ್ರಿ ಬಿಸಿಯಲ್ಲಿ, ನೂರಕ್ಕೆ 75ರ ತೇವದಲ್ಲಿ ಹೌಸಿಂಗ್ ಮುಚ್ಚಿದರೆ ಒಳಗಿನ ಗಾಳಿಯ ಇಬ್ಬನಿ ಬಿಂದು, ಅಂದರೆ ತೇವ ಹನಿಗಟ್ಟತೊಡಗುವ ಉಷ್ಣತೆ, ಸುಮಾರು 27 ಡಿಗ್ರಿ. ಸಮುದ್ರದ ನೀರು ಅದಕ್ಕಿಂತ ಒಂದು ಡಿಗ್ರಿ ತಣ್ಣಗಿದ್ದರೂ ಪೋರ್ಟ್ ಗಾಜಿನ ಒಳಮೈ ಮಬ್ಬಾಗುತ್ತದೆ, ಆಮೇಲಿನ ಫೋಟೋ ಎಲ್ಲ ಹೊಗೆ ಹಿಡಿದ ಹಾಗೆ ಬರುತ್ತದೆ. 24 ಡಿಗ್ರಿಯ, ನೂರಕ್ಕೆ 50ರ ತೇವದ ಎಸಿ ಗಾಳಿಯ ಇಬ್ಬನಿ ಬಿಂದು 13 ಡಿಗ್ರಿ ಆಸುಪಾಸು, ನಮ್ಮ ಸಮುದ್ರಗಳಲ್ಲಿ ಮಬ್ಬಾಗುವ ಮಾತೇ ಇಲ್ಲ. ಎಸಿ ಸಿಗದಿದ್ದರೆ ಸಿಲಿಕಾ ಜೆಲ್ ಪೊಟ್ಟಣ ಒಂದನ್ನು ಹಿಂದಿನ ರಾತ್ರಿಯೇ ಒಳಗಿಟ್ಟು ಮುಚ್ಚಿ, ಅದಕ್ಕೆ ತೇವ ಹೀರಲು ಹೊತ್ತು ಬೇಕು. ಪೊಟ್ಟಣದ ಅಂಚು ಓ-ರಿಂಗ್ ಕಡೆ ಸರಿಯದ ಹಾಗೆ ಫೋನಿನ ಪಕ್ಕಕ್ಕೆ ಸಿಕ್ಕಿಸಿ.

ಮುಚ್ಚುವ ಮೊದಲು ಫೋನಿನಲ್ಲಿ ಮಾಡಬೇಕಾದದ್ದೂ ಇದೆ, ಒಳಗಿಟ್ಟ ಮೇಲೆ ಪರದೆ ಕೈಗೆ ಸಿಗುವುದಿಲ್ಲವಲ್ಲ. ಏರ್‌ಪ್ಲೇನ್ ಮೋಡ್ ಹಾಕಿ, ಬ್ಲೂಟೂತ್ ಮಾತ್ರ ಮತ್ತೆ ಆನ್ ಮಾಡಿ. ಬೋಟಿನ ಮೇಲೆ ನೆಟ್‌ವರ್ಕ್ ಹುಡುಕುತ್ತಾ ಫೋನ್ ಕಾಯುವುದು ತಪ್ಪುತ್ತದೆ, ಹೊತ್ತಲ್ಲದ ಹೊತ್ತಿನಲ್ಲಿ ಕರೆ ಬಂದು ಕ್ಯಾಮೆರಾ ಮುಚ್ಚುವುದೂ ತಪ್ಪುತ್ತದೆ. ಡು ನಾಟ್ ಡಿಸ್ಟರ್ಬ್, ಅಲಾರಂ ಬಂದ್, ಪರದೆಯ ಬೆಳಕು ಪೂರ್ತಿ, ಆಟೋ ಬ್ರೈಟ್‌ನೆಸ್ ಬಂದ್. ಕನಿಷ್ಠ 20 ಜಿಬಿ ಖಾಲಿ ಜಾಗ ಇರಲಿ. ಆಪ್‌ಗೆ ಕ್ಯಾಮೆರಾ, ಮೈಕ್, ಫೋಟೋ ಅನುಮತಿ ಮೊದಲೇ ಕೊಟ್ಟು, ಮನೆಯಲ್ಲೇ ಒಂದು ಫೋಟೋ, ಒಂದು ವಿಡಿಯೋ ತೆಗೆದು ನೋಡಿ. ಆಪ್ ಅಪ್‌ಡೇಟ್ ಅಥವಾ ಫೋನಿನ ಸಿಸ್ಟಂ ಅಪ್‌ಡೇಟ್ ಆದ ಮಾರನೇ ದಿನವೇ ಡೈವ್‌ಗೆ ಹೊರಡಬೇಡಿ. ಅನುಮತಿ ಕೇಳುವ ಒಂದು ಪುಟ್ಟ ಕಿಟಕಿ 15 ಮೀಟರಿನಲ್ಲಿ ಪರದೆ ಮೇಲೆ ಬಂದರೆ ಅದನ್ನು ಒತ್ತಲು ದಾರಿಯೇ ಇಲ್ಲ. ಬಟನ್ ಬಗೆಯ ಎಲ್ಲ ಹೌಸಿಂಗ್‌ಗಳ ದೊಡ್ಡ ಕೊರತೆ ಇದೇ.

ನೀರಿನಲ್ಲಿ ಸ್ಪೋರ್ಟ್‌ಡೈವರ್ ಬಳಸಲು ಸಲೀಸು. ಬಟನ್‌ಗಳು ಅಗಲವಾಗಿರುವುದರಿಂದ 3 ಮಿಲಿಮೀಟರ್ ಗ್ಲೌಸ್ ಹಾಕಿದ ಕೈಗೂ ಸಿಗುತ್ತವೆ. ಜೂಮ್, ಎಕ್ಸ್‌ಪೋಷರ್, ಫೋಕಸ್, ವೈಟ್ ಬ್ಯಾಲೆನ್ಸ್, ಲೆನ್ಸ್ ಬದಲಾವಣೆ ಎಲ್ಲ ಅವುಗಳಲ್ಲೇ, ರಾ ಫೈಲ್ (ಫೋನ್ ಬಣ್ಣ ತಿದ್ದದೆ ಉಳಿಸುವ, ಆಮೇಲೆ ನಾವೇ ಸರಿಮಾಡಿಕೊಳ್ಳಬಹುದಾದ ಚಿತ್ರ) ಕೂಡ ಉಳಿಸಬಹುದು. ರಾ ಉಳಿಸಿ ಅನ್ನುವುದೇ ನನ್ನ ಸಲಹೆ. ನೀರು ಮೊದಲು ನುಂಗುವುದು ಕೆಂಪು ಬಣ್ಣವನ್ನು, 5 ಮೀಟರ್ ದಾಟುತ್ತಿದ್ದ ಹಾಗೆ ಕೆಂಪು ಕಂದಾಗತೊಡಗುತ್ತದೆ. ಫೋನಿನ ಆಟೋ ವೈಟ್ ಬ್ಯಾಲೆನ್ಸ್ ನೆಲದ ಬೆಳಕಿಗೆ ಕಲಿತದ್ದು, ಇಲ್ಲಿ ಎಲ್ಲವನ್ನೂ ನೀಲಿಹಸಿರಲ್ಲಿ ಅದ್ದಿಬಿಡುತ್ತದೆ. ಜೊತೆಗೆ ಬರುವ ಕೆಂಪು ಫಿಲ್ಟರ್ 5ರಿಂದ 20 ಮೀಟರಿನ ನಡುವೆ, ಸೂರ್ಯ ಬೆನ್ನ ಹಿಂದಿರುವಾಗ ಚೆನ್ನಾಗಿ ಕೆಲಸ ಮಾಡುತ್ತದೆ. ವಿಡಿಯೋ ಲೈಟ್ ಹಾಕಿದರೆ ಫಿಲ್ಟರ್ ತೆಗೆಯಲೇಬೇಕು, ಇಲ್ಲವಾದರೆ ಹತ್ತಿರದ ಹವಳ ಕುಂಕುಮ ಚೆಲ್ಲಿದ ಹಾಗೆ ಬರುತ್ತದೆ.

ಚಪ್ಪಟೆ ಪೋರ್ಟ್ ಇರುವ ಯಾವ ಹೌಸಿಂಗ್‌ನಲ್ಲೂ ನೋಟದ ಕೋನ ಕಿರಿದಾಗುತ್ತದೆ. ನೀರು ಬೆಳಕನ್ನು ಎಷ್ಟು ಬಾಗಿಸುತ್ತದೆ ಅನ್ನುವ ಅಳತೆ, ವಕ್ರೀಭವನ ಸೂಚ್ಯಂಕ, 1.33. ಹಾಗಾಗಿ ಗಾಳಿಯಲ್ಲಿ 120 ಡಿಗ್ರಿ ನೋಡುವ ಅಲ್ಟ್ರಾವೈಡ್ ಲೆನ್ಸ್ ನೀರಿನಲ್ಲಿ 81 ಡಿಗ್ರಿ ಸುಮಾರು ನೋಡುತ್ತದೆ, ಮುಖ್ಯ ಲೆನ್ಸ್‌ನ 80 ಡಿಗ್ರಿ 58ರ ಹತ್ತಿರಕ್ಕೆ ಇಳಿಯುತ್ತದೆ. ಆಮೆ, ಬಂಡೆಯ ಗೋಡೆ, ಜೊತೆಗಾರ ಡೈವರ್ ಇವಕ್ಕೆ ಅಲ್ಟ್ರಾವೈಡ್ ಇಟ್ಟುಕೊಳ್ಳಿ, ಮೂಲೆಗಳಲ್ಲಿ ಬಣ್ಣ ಹರಡುವುದನ್ನು ಸಹಿಸಿಕೊಳ್ಳಬೇಕು. ಚಿಕ್ಕ ಜೀವಿಗಳಿಗೆ ಮುಖ್ಯ ಲೆನ್ಸ್. ಜೂಮ್ ಮಾಡುವ ಬದಲು ಹತ್ತಿರ ಹೋಗಿ, ನಡುವಿನ ನೀರು ಕಡಿಮೆಯಾದಷ್ಟೂ ಬಣ್ಣವೂ ವಿವರವೂ ಉಳಿಯುತ್ತವೆ.

ತೇಲುವುದೋ ಮುಳುಗುವುದೋ ಅನ್ನುವುದು ಫೋನಿನ ತೂಕದ ಮೇಲೆ ಹೋಗುತ್ತದೆ. ಫೋನ್ ಹಾಕಿ ಮುಚ್ಚಿದ ಹೌಸಿಂಗನ್ನು ಬಕೆಟ್ ನೀರಿಗೆ ಬಿಟ್ಟು ನೋಡಿ. ಸಮುದ್ರದ ನೀರು ಸಿಹಿನೀರಿಗಿಂತ ನೂರಕ್ಕೆ 2.5ರಷ್ಟು ಭಾರ, ಆದ್ದರಿಂದ ಅಲ್ಲಿ ಕೊಂಚ ಹೆಚ್ಚೇ ತೇಲುತ್ತದೆ. ಕೆಳಗಿನ ಟ್ರೈಪಾಡ್ ರಂಧ್ರಕ್ಕೆ ಟ್ರೇ, ಹಿಡಿ, ಲೈಟ್ ಜೋಡಿಸಿದರೆ ಲೆಕ್ಕ ಪೂರ್ತಿ ಬದಲಾಗುತ್ತದೆ, ಆಗ ಮತ್ತೆ ಬಕೆಟ್ಟಿಗೆ ಬಿಡಿ. ಮಣಿಕಟ್ಟಿನ ಪಟ್ಟಿಯೊಂದೇ ಸಾಲದು. ಸುರುಳಿ ದಾರ (ಲ್ಯಾನ್ಯಾರ್ಡ್) ಹಾಕಿ ಬಿಸಿಡಿಯ, ಅಂದರೆ ಗಾಳಿ ತುಂಬುವ ಡೈವ್ ಜಾಕೆಟ್ಟಿನ, ಡಿ-ರಿಂಗ್‌ಗೆ ಕ್ಲಿಪ್ ಮಾಡಿ, ಜೊತೆಗಾರನ ಗಾಳಿ ಖಾಲಿಯಾದಂಥ ತುರ್ತಿನಲ್ಲಿ ಎರಡೂ ಕೈ ಖಾಲಿ ಬೇಕು.

ಆಳ ಎಷ್ಟು, ಸಮಯ ಎಷ್ಟು ಅನ್ನುವುದನ್ನು ಫೋನಿಗೆ ಬಿಡಬೇಡಿ. ಫೋನಿನ ಸ್ವಂತ ಬ್ಯಾರೋಮೀಟರ್ ಅಳೆಯುವುದು ಡಬ್ಬಿಯೊಳಗಿನ ಒತ್ತಡವನ್ನು, ಹೊರಗಿನ ನೀರಿನದನ್ನಲ್ಲ. ಜಿಪಿಎಸ್ ನೀರಡಿ ಇಲ್ಲ. ಕೈಗಡಿಯಾರದಂಥ ಡೈವ್ ಕಂಪ್ಯೂಟರ್ ಬೇರೆ ಇರಲೇಬೇಕು. ಆಪಲ್ ವಾಚ್ ಅಲ್ಟ್ರಾ ಇರುವವರು ಓಷಿಯಾನಿಕ್ ಪ್ಲಸ್ ಆಪ್ ಹಾಕಿ ಅದನ್ನೇ 40 ಮೀಟರ್‌ವರೆಗೆ ಡೈವ್ ಕಂಪ್ಯೂಟರ್ ಮಾಡಿಕೊಳ್ಳಬಹುದು. ಆ ವಾಚ್‌ಗೆ ಆಳ ಅಳೆಯುವ ಸೆನ್ಸರ್ ಹೊರಮೈಯಲ್ಲೇ ಇದೆ, ಹೌಸಿಂಗ್ ಬೇಕಿಲ್ಲ, ಡಿಕಂಪ್ರೆಷನ್ ಲೆಕ್ಕಕ್ಕೆ (ಎಷ್ಟು ಹೊತ್ತು ಕೆಳಗಿರಬಹುದು, ಹೇಗೆ ಮೇಲೆ ಬರಬೇಕು ಅನ್ನುವುದು) ಮಾತ್ರ ಚಂದಾ ಕಟ್ಟಬೇಕು.

ಈಗ ಡೈವ್‌ವೋಕ್ ಸೀಟಚ್ 4 ಮ್ಯಾಕ್ಸ್. ಇದರ ಹಿಂಬದಿಯಲ್ಲಿ ಗಟ್ಟಿ ಕಿಟಕಿಯ ಜಾಗದಲ್ಲಿ ಮೆತ್ತನೆಯ ಪಾರದರ್ಶಕ ಪೊರೆ, ಅದರ ಮೇಲಿಂದಲೇ ಪರದೆಯನ್ನು ಮುಟ್ಟಿ ಫೋನಿನ ಯಾವ ಆಪ್ ಬೇಕಾದರೂ ತೆರೆಯಬಹುದು. ಬ್ಲೂಟೂತ್ ಬೇಡ, ಕಂಪನಿಯ ಆಪ್ ಬೇಡ, ಸೆಲ್ ಬೇಡ. ಮಿತಿ 60 ಮೀಟರ್. ಪರದೆಯ ಮೇಲಿನ ದಪ್ಪ ಗಾಜಿನ ಪ್ರೊಟೆಕ್ಟರ್ ತೆಗೆಯಬೇಕು, ಪೊರೆಗೆ ಉಗುರು, ಚೂಪು ಕಲ್ಲು, ಬಂಡೆಗೆ ಅಂಟಿರುವ ಚಿಪ್ಪುಜೀವಿ ಬಾರ್ನಕಲ್ ತಾಗದಂತೆ ನೋಡಿಕೊಳ್ಳಬೇಕು. ಬೆರಳು ನೆಲದಲ್ಲಿ ಮುಟ್ಟುವುದಕ್ಕಿಂತ ಒತ್ತಿ ಮುಟ್ಟಬೇಕು, ದಪ್ಪ ಗ್ಲೌಸ್ ಇದ್ದರೆ ಕಷ್ಟ. ಚಳಿನೀರಿನ ಡೈವರ್‌ಗೆ ಇದು ಹೇಳಿದ್ದಲ್ಲ, ನಮ್ಮ ಬಿಸಿನೀರಿನ ಸಮುದ್ರಗಳಲ್ಲಿ ಬರಿಗೈಯಲ್ಲಿ ನಡೆಯುತ್ತದೆ.

ಹವಳ, ಮೀನು ಎಣಿಸುವ ಸಂಶೋಧಕರಿಗೆ, ಸಮೀಕ್ಷೆ ಮಾಡುವ ಸ್ವಯಂಸೇವಕರಿಗೆ ನಾನು ಹೇಳುವುದು ಇದನ್ನೇ. ನೀರಡಿಯಲ್ಲೇ ಕಂಪ್ಯೂಟರಿಗೆ ಮಾಹಿತಿ ತುಂಬುವ ಆಸೆ ಹಳೆಯದು. 1990ರ ದಶಕದಲ್ಲೇ ಆಸ್ಟ್ರೇಲಿಯನ್ ಇನ್‌ಸ್ಟಿಟ್ಯೂಟ್ ಆಫ್ ಮರೀನ್ ಸೈನ್ಸ್‌ನವರು ವೆಟ್‌ಪಿಸಿ ಅನ್ನುವುದನ್ನು ಕಟ್ಟಿದ್ದರು, ಒಂದು ಕೈಯಲ್ಲಿ ಹಿಡಿಯುವ ಕೆಲವೇ ಕೀಲಿಗಳನ್ನು ಜೊತೆಜೊತೆಯಾಗಿ ಒತ್ತಿ ಅದನ್ನು ನಡೆಸಬೇಕಿತ್ತು. ಈಗ ಆ ಕೆಲಸ ಫೋನು, ಓಡಿಕೆ ಕಲೆಕ್ಟ್‌ನಂಥ ಆಫ್‌ಲೈನ್ ಫಾರ್ಮ್ ಆಪ್, ಸೀಟಚ್ ಮೂರರಲ್ಲಿ ಮುಗಿಯುತ್ತದೆ. ಫಾರ್ಮ್ ಮಾತ್ರ ನೀರಿಗೆ ತಕ್ಕ ಹಾಗೆ ಮಾಡಿಕೊಳ್ಳಬೇಕು. ಒಂದು ಪರದೆಗೆ ಒಂದೇ ಪ್ರಶ್ನೆ, ಉತ್ತರಕ್ಕೆ ನಾಲ್ಕೈದು ದೊಡ್ಡ ಗುಂಡಿಗಳು, ಕೀಬೋರ್ಡ್ ಬರುವ ಪ್ರಶ್ನೆ ಒಂದೂ ಬೇಡ. ಕಪ್ಪು ಹಿನ್ನೆಲೆಗೆ ಬಿಳಿ ಅಕ್ಷರ 10 ಮೀಟರಿನ ಬೆಳಕಿನಲ್ಲಿ ಚೆನ್ನಾಗಿ ಕಾಣುತ್ತದೆ. ತಾರೀಖು, ಜಾಗದ ಹೆಸರು, ಟ್ರಾನ್ಸೆಕ್ಟ್ (ಎಣಿಸುತ್ತಾ ಸಾಗುವ ಗೆರೆ) ಸಂಖ್ಯೆ ಬೋಟಿನ ಮೇಲೆಯೇ ತುಂಬಿಡಿ. ಪ್ಲಾಸ್ಟಿಕ್ ಸ್ಲೇಟು, ಪೆನ್ಸಿಲ್ ಜೊತೆಗಿರಲಿ, ಫೋನ್ ಕೈಕೊಟ್ಟ ದಿನ ಸಮೀಕ್ಷೆ ನಿಲ್ಲಬಾರದು.

ಡೈವ್ ಮುಗಿದ ಮೇಲೆ ಹೌಸಿಂಗನ್ನು ಬಿಸಿಲಿಗೆ ಇಡಬೇಡಿ, ಒದ್ದೆ ಟವೆಲ್ ಸುತ್ತಿ ನೆರಳಲ್ಲಿಡಿ. ಉಪ್ಪು ಒಣಗುವ ಮೊದಲೇ ಸಿಹಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ನೀರಿನೊಳಗೇ ಪ್ರತಿ ಬಟನ್ನನ್ನೂ ಹತ್ತು ಸಲ ಒತ್ತಿ, ಬಟನ್ ಕಡ್ಡಿಯ ಸಂದಿಯ ಉಪ್ಪು ಕರಗುವುದು ಹಾಗೆ. ತೆರೆಯುವ ಮೊದಲು ಪೂರ್ತಿ ಒರೆಸಿ, ತಲೆಗೂದಲನ್ನೂ ಒರೆಸಿಕೊಳ್ಳಿ. ವ್ಯಾಕ್ಯೂಮ್ ಬಿಡಿಸಿ, ಬಾಗಿಲು ಕೆಳಮುಖವಾಗಿ ಹಿಡಿದು ತೆರೆದರೆ ಅಂಚಿನ ಹನಿ ಫೋನ್ ಮೇಲೆ ಬೀಳುವುದಿಲ್ಲ. ನೀರಡಿಯಲ್ಲೇ ಸೋರಿಕೆ ಎಚ್ಚರಿಕೆ ಬಂದರೆ ಪೋರ್ಟನ್ನು ಕೆಳಗೆ ಮಾಡಿ ಹಿಡಿದು, ಮಾಮೂಲಿ ವೇಗದಲ್ಲೇ ಮೇಲೆ ಬನ್ನಿ, ದಾರಿಯಲ್ಲಿ ಕೆಲವು ನಿಮಿಷ ನಿಲ್ಲುವ ಸೇಫ್ಟಿ ಸ್ಟಾಪ್ ಬಿಡಬೇಡಿ. ಫೋನಿಗಾಗಿ ಓಡಿ ಮೇಲೆ ಬರುವುದು ಬೇಡವೇ ಬೇಡ.

ವಿಮಾನದಲ್ಲಿ ಒಯ್ಯುವಾಗ ಬಾಗಿಲ ಲಾಕ್ ಸಡಿಲ ಮಾಡಿ, ಓ-ರಿಂಗ್ ತೆಗೆದು ಪ್ಲಾಸ್ಟಿಕ್ ಚೀಲದಲ್ಲಿಡಿ. ಮುಚ್ಚಿದ ಹೌಸಿಂಗಿಗೆ ಕ್ಯಾಬಿನ್ ಒತ್ತಡ ಇಳಿದಾಗ ಒಳಗಿಂದ ಹೊರಕ್ಕೆ ತಳ್ಳಿಸಿಕೊಳ್ಳುವ ಸ್ಥಿತಿ ಬರುತ್ತದೆ, ಅದನ್ನು ಕಟ್ಟಿರುವುದು ಹೊರಗಿನ ಒತ್ತಡ ತಡೆಯಲಿಕ್ಕೆ.

ಬೆಲೆ ಕಡಿಮೆಯಲ್ಲ. ಸ್ಪೋರ್ಟ್‌ಡೈವರ್ ಬಂದಾಗ ಅಮೆರಿಕದಲ್ಲಿ ಸುಮಾರು 300 ಡಾಲರ್ ಇತ್ತು, ಇಲ್ಲಿಗೆ ತರಿಸಿದರೆ ಸುಂಕ, ಸಾಗಣೆ ಸೇರುತ್ತದೆ. ವರ್ಷಕ್ಕೊಂದು ಸಲ ಎರಡು ಡೈವ್ ಮಾಡುವವರು ಬಾಡಿಗೆ ಕ್ಯಾಮೆರಾ ತೆಗೆದುಕೊಳ್ಳುವುದೇ ವಾಸಿ. ಪ್ರತಿ ಸೀಸನ್‌ನಲ್ಲೂ ನೀರಿಗೆ ಇಳಿಯುವವರು, ಫೋಟೋಗೆಂದೇ ಕೊಳ್ಳುವವರು ಸ್ಪೋರ್ಟ್‌ಡೈವರ್ ತೆಗೆದುಕೊಳ್ಳಿ, ವ್ಯಾಕ್ಯೂಮ್ ಪರೀಕ್ಷೆಯೊಂದಕ್ಕೇ ಆ ಬೆಲೆ ಸಲ್ಲುತ್ತದೆ. ಪರದೆ ಮುಟ್ಟಿ ಕೆಲಸ ಮಾಡಬೇಕಾದವರಿಗೆ ಸೀಟಚ್. ಯಾವುದೇ ಕೊಂಡರೂ ಅದೇ ಆರ್ಡರಿನಲ್ಲಿ ಎರಡು ಹೆಚ್ಚುವರಿ ಓ-ರಿಂಗ್, ಒಂದು ಟ್ಯೂಬ್ ಗ್ರೀಸ್ ಸೇರಿಸಿ ತರಿಸಿ. ಮೊದಲ ಡೈವ್‌ನಲ್ಲಿ ಫೋನಿನ ಬದಲು ಅಷ್ಟೇ ಗಾತ್ರಕ್ಕೆ ಮಡಿಸಿದ ಟಿಶ್ಯೂ ಕಾಗದವನ್ನು ಒಳಗಿಟ್ಟು 15 ಮೀಟರ್‌ಗೆ ಒಯ್ಯಿರಿ. ಮೇಲೆ ಬಂದು ತೆರೆದಾಗ ಕಾಗದ ಎಲ್ಲಿ ಒದ್ದೆಯಾಗಿದೆಯೋ ಅಲ್ಲೇ ರಿಂಗ್ ಸರಿಯಾಗಿ ಕೂತಿಲ್ಲ.